ಕಬ್ಬಿಣಜ್ಜ ಜಗಲಿ ಬಿಟ್ಟಿದ್ದು

ಸೂರ್ಯ ಆಗಷ್ಟೇ ಕಣ್ಣು ಬಿಟ್ಟಿದ್ದ. ಚಂದ್ರ ಇನ್ನೂ ಹುಟ್ಟಿರಲಿಲ್ಲ. ಯಾರು ಮೇಲಿರಬೇಕು, ಯಾರು ಕೆಳಗಿರಬೇಕು ಎಂಬುದು ಭೂಮಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲವೂ ಹೊಸತಾಗಿದ್ದ ಕಾಲ ಅದು.

ಭೂಮಿ ಎಂಬ ಮನೆಗೆ ಒಡತಿ ಭೂಮವ್ವ. ಅವಳ ಮನೆ ರಾಗಿಮುದ್ದೆಯ ಹಾಗೆ ದುಂಡಗಿತ್ತು. ಬಾಗಿಲಿರಲಿಲ್ಲ. ಬೇಕಾದವರು ಬಂದರು. ಬೇಡದವರೂ ಬಂದರು. ಆಕಾಶದಿಂದ ದಿನವೂ ಉರುಳಿಕೊಂಡು ಬಂದು ಧೊಪ್ಪನೆ ಬೀಳುತ್ತಿದ್ದರು. ಕಲ್ಲು ಬಂತು, ಕಬ್ಬಿಣ ಬಂತು, ಬೂದಿ ಬಂತು, ಮಂಜು ಬಂತು.

ಯಾರು ಬಂದರೂ ಭೂಮವ್ವನ ಮಾತು ಒಂದೇ.

"ಬಂದ್ರಾ? ಬನ್ನಿ. ಕೊಳಗದೊಳಗೆ ಇಳೀರಿ."

ಕೊಳಗ ಎಂದರೆ ರಾಗಿ, ಭತ್ತ ಅಳೆಯುವ ದೊಡ್ಡ ಪಾತ್ರೆ. ಭೂಮವ್ವನ ಕೊಳಗ ಬೆಂಕಿಗೂ ಬಿಸಿಯಾಗದು. ಬಂದವರು ಅದರೊಳಗೆ ಇಳಿಯಬೇಕು. ಅವಳು ಕೊಳಗದ ಬಾಯಿಯ ಮೇಲೆ ಅಂಗೈ ಎಳೆದು ನೋಡುತ್ತಿದ್ದಳು.

"ಬಾಯಿಗೆ ಸಮ ಆಯ್ತಾ? ಆಯ್ತು. ಹತ್ತಿ ಬನ್ನಿ. ಒಂದು ಕೊಳಗದ ಜಾಗ ನಿಮ್ಮದು."

ಯಾರಿಗೂ ಹೆಚ್ಚಿಲ್ಲ. ಯಾರಿಗೂ ಕಡಿಮೆಯಿಲ್ಲ. ಕೊಳಗಕ್ಕೆ ಕೊಳಗ ಸಮ. ಅದು ಆ ಮನೆಯ ಕಟ್ಟಳೆ. ತಕ್ಕಡಿ ಇರಲಿಲ್ಲ. ತೂಕ ಎಂಬ ಮಾತನ್ನೇ ಯಾರೂ ಕೇಳಿರಲಿಲ್ಲ. ಭೂಮವ್ವ ಕೊಳಗದ ಬಾಯಿ ನೋಡಿದವಳೇ ಹೊರತು ಕೊಳಗ ಎತ್ತಿ ನೋಡಿದವಳಲ್ಲ.

ಹೀಗೆ ಬಂದವರಲ್ಲಿ ಕಬ್ಬಿಣಜ್ಜ ಒಬ್ಬ.

ಮಾತು ಕಡಿಮೆಯ ಮುದುಕ. ಹೆಗಲ ಮೇಲೆ ಒಂದು ಕರಿ ಕಂಬಳಿ. ಭೂಮಿಗಿಂತ ಹಿರಿಯ, ಸೂರ್ಯನಿಗಿಂತಲೂ ಹಿರಿಯ. ಅವನು ಹುಟ್ಟಿದ್ದು ಯಾವುದೋ ದೊಡ್ಡ ನಕ್ಷತ್ರದ ಹೊಟ್ಟೆಯಲ್ಲಿ. ಆ ನಕ್ಷತ್ರ ಒಂದು ದಿನ ಸಿಡಿದುಹೋಯಿತು. ಅಜ್ಜ ತನ್ನ ತಮ್ಮ ನಿಕ್ಕಲನನ್ನೂ ಬಳಗವನ್ನೂ ಕರೆದುಕೊಂಡು ಹೊರಟ. ಎಷ್ಟು ಕಾಲ ನಡೆದೆ ಎಂದು ಕೇಳಿದರೆ "ಬಹಳ" ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ.

"ಎಲ್ಲಿ ಕೂರ್ತೀರಿ ಅಜ್ಜ?" ಎಂದು ಭೂಮವ್ವ ಕೇಳಿದಳು.

"ಜಗಲಿ ಮೇಲೆ."

"ಒಳಗೆ ಬೆಚ್ಚಗಿದೆಯಲ್ಲ."

"ಆಕಾಶ ಕಾಣಬೇಕು."

ಹಿರಿಯರು ಕೇಳಿದರೆ ಇಲ್ಲ ಎನ್ನಲಾಗದು. ಮೇಲಿನ ಜಾಗ ಹಿರಿಯರದು. ಹಾಗಾಗಿ ಕಬ್ಬಿಣಜ್ಜನೂ ಅವನ ಬಳಗವೂ ಮನೆಯ ಹೊರಮೈಯಲ್ಲಿ, ಜಗಲಿಯ ಮೇಲೆ ಕೂತರು.

ಅಜ್ಜನಿಗೆ ಅಲ್ಲಿಂದ ಆಕಾಶ ಕಾಣುತ್ತಿತ್ತು. ಆಕಾಶದಲ್ಲಿ ಒಂದು ಕಡೆ ಸ್ವಲ್ಪ ಖಾಲಿ ಜಾಗ. ಅವನ ನಕ್ಷತ್ರ ಇದ್ದದ್ದು ಅಲ್ಲಿ. ಅವನು ಬೆಳಗ್ಗೆ ಎದ್ದು ಅದನ್ನು ನೋಡುತ್ತಿದ್ದ. ಸಂಜೆಯೂ ನೋಡುತ್ತಿದ್ದ. ಅಷ್ಟು ಸಿಕ್ಕರೆ ಅವನಿಗೆ ಸಾಕು.

ಅವನಿಗೆ ಸಾಕು. ಅವನ ಕೆಳಗಿದ್ದವರಿಗೆ ಸಾಕುಸಾಕಾಗಿತ್ತು.

ಅಜ್ಜನ ಕೆಳಗೆ ಪಚ್ಚಕ್ಕ ಕೂತಿದ್ದಳು. ಹಸಿರು ಕಲ್ಲಿನ ಹೆಂಗಸು. ಬಾಯಿ ಜೋರು. ಮನೆಯಲ್ಲಿ ಅವಳ ಬಳಗವೇ ಹೆಚ್ಚು. ಅವಳ ಕೆಳಗೆ ಕರಿಕಲ್ಲ. ಎಲ್ಲರಿಗಿಂತ ಕೆಳಗೆ, ನಡುಮನೆಯ ಕತ್ತಲಲ್ಲಿ, ಬಿಳಿಕಲ್ಲ. ಅವನು ಹುಡುಗು ಸ್ವಭಾವದವನು. ಮೈಯಲ್ಲಿ ಮಿಣಿಮಿಣಿ ಮಿನುಗು.

"ಅವ್ವ, ಸೊಂಟ ಮುರೀತಾ ಇದೆ," ಎಂದಳು ಪಚ್ಚಕ್ಕ. "ಮೇಲೆ ಯಾರದೋ ಭಾರ."

"ಮೇಲಿರೋದು ಅಜ್ಜ. ಅವರದೂ ಒಂದು ಕೊಳಗ, ನಿಂದೂ ಒಂದು ಕೊಳಗ. ಭಾರ ಎಲ್ಲಿಂದ ಬಂತು?"

"ನನ್ನ ಸೊಂಟ ಕೊಳಗ ನೋಡಿಲ್ಲ ಅವ್ವ. ಅದಕ್ಕೆ ನೋವು ಮಾತ್ರ ಗೊತ್ತು."

ಕೆಳಗಿನಿಂದ ಬಿಳಿಕಲ್ಲನ ಸ್ವರ ಬಂತು. "ನನಗೆ ಮೇಲಕ್ಕೆ ತೇಲಿದ ಹಾಗಾಗುತ್ತೆ."

"ತೇಲಪ್ಪ, ತೇಲು. ನನ್ನ ಮೈಮೇಲೆ ಮಾತ್ರ ಬರಬೇಡ," ಎಂದ ಕರಿಕಲ್ಲ.

ಅಷ್ಟರಲ್ಲಿ ಜಗಲಿ ಒಂದು ಕಡೆ ಕುಸಿಯುತ್ತಿತ್ತು. ಎಲ್ಲರೂ ಆ ಕಡೆ ಜಾರುತ್ತಿದ್ದರು. ಒಬ್ಬರನ್ನೊಬ್ಬರು ನೂಕುತ್ತಿದ್ದರು. ಆಮೇಲೆ ಇನ್ನೊಂದು ಕಡೆ ಕುಸಿಯುತ್ತಿತ್ತು. ಮತ್ತೆ ನೂಕಾಟ. ಅಂಗೈಗೆ ಅಂಗೈ ಉಜ್ಜಿದರೆ ಬಿಸಿಯಾಗುತ್ತದೆ. ಇಡೀ ಮನೆಯವರು ಹಗಲೂ ಇರುಳೂ ಮೈಗೆ ಮೈ ಉಜ್ಜಿದರೆ ಏನಾಗಬೇಡ? ನೆಲ ಕಾದ ಹೆಂಚಾಯಿತು.

ಆ ಕಾದ ಹೆಂಚಿನ ಮೇಲೆ ಒಂದು ದಿನ ನೀರಿ ಬಂದು ಬಿದ್ದಳು.

ನೀರಿ ನೀರಿನ ಮಗು. ಮಂಜು ಹೊದ್ದ ಮುದಿಗಲ್ಲೊಂದು ಅವಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿತ್ತು. ಕಲ್ಲು ಬಿದ್ದು ಒಡೆಯಿತು. ಮಗು ನೆಲಕ್ಕೆ ಚೆಲ್ಲಿತು.

ಚುಂಯ್.

ಮರುಕ್ಷಣ ಮಗು ಆವಿಯಾಗಿ ಮೇಲೆ. ಮೇಲೆ ಓಡಾಡಿಕೊಂಡಿದ್ದ ಗಾಳಿಯತ್ತೆ ಸೆರಗೊಡ್ಡಿ ಹಿಡಿದಳು. ಸ್ವಲ್ಪ ಹೊತ್ತು ತಟ್ಟಿ ಸಮಾಧಾನ ಮಾಡಿದಳು. ನೀರಿ ಹನಿಯಾಗಿ ಮತ್ತೆ ಇಳಿದಳು.

ಚುಂಯ್.

ಮತ್ತೆ ಮೇಲೆ. ಮತ್ತೆ ಕೆಳಗೆ. ಕೂರಲು ಅವಳಿಗೆ ಎಲ್ಲಿಯೂ ಜಾಗವಿಲ್ಲ. ಒಂದು ಸಲ ನೇರವಾಗಿ ಕಬ್ಬಿಣಜ್ಜನ ತೊಡೆಗೆ ಇಳಿದಳು.

"ಅಜ್ಜ, ಸ್ವಲ್ಪ ಸರ್ಕೋ."

ಅಜ್ಜ ಸರಿದ.

ಚುಂಯ್.

"ನೀನೂ ಸುಡ್ತೀಯಲ್ಲ," ಎಂದಳು ನೀರಿ ಮೇಲಿನಿಂದ.

"ಹೂಂ."

"ಮೊದಲೇ ಹೇಳಬಾರದಾ?"

"ನೀನು ಕೇಳಲಿಲ್ಲ."

ನೀರಿ ನಕ್ಕಳು. ಅಜ್ಜನ ಮೀಸೆ ತುಸು ಅಲುಗಿತು. ಅದೇ ಅವನ ನಗು ಎಂದು ತಮ್ಮ ನಿಕ್ಕಲನಿಗೆ ಮಾತ್ರ ಗೊತ್ತಾಯಿತು.

ಆಮೇಲೆ ದಿನವೂ ಹಾಗೆಯೇ. ನೀರಿ ಇಳಿಯುತ್ತಿದ್ದಳು. ಒಂದು ಮಾತು ಆಡುತ್ತಿದ್ದಳು. ಚುಂಯ್ ಎಂದು ಹೋಗುತ್ತಿದ್ದಳು. ಮರುದಿನ ಮಾತು ಮುಂದುವರಿಯುತ್ತಿತ್ತು.

"ಏನು ನೋಡ್ತೀಯಜ್ಜ?" ಚುಂಯ್.

"ನಮ್ಮನೆ."

"ಎಲ್ಲಿ?" ಚುಂಯ್.

"ಅಲ್ಲಿತ್ತು."

"ಈಗ ಖಾಲಿ ಇದೆಯಲ್ಲ." ಚುಂಯ್.

"ಖಾಲಿಯನ್ನೇ ನೋಡ್ತೀನಿ."

ಹೀಗಿರುವಾಗ ಒಂದು ವಿಷಯ ಅಜ್ಜನ ಕಿವಿಗೆ ಬಿತ್ತು. ನೀರಿಯ ಸ್ವರ ಸಣ್ಣಗಾಗುತ್ತಿತ್ತು. ಮೊದಲು ಅಜ್ಜಾ ಎಂದು ಕೂಗಿದರೆ ಜಗಲಿಯ ತುದಿಗೆ ಕೇಳಿಸುತ್ತಿತ್ತು. ಈಗ ಅಜ್ಜನೇ ಕಿವಿಗೊಡಬೇಕಿತ್ತು.

"ಮಗು ಯಾಕೆ ಸೊರಗಿದೆ?" ಎಂದು ಅವನು ಗಾಳಿಯತ್ತೆಯನ್ನು ಕೇಳಿದ.

ಅಜ್ಜ ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಗಾಳಿಯತ್ತೆ ಓಡುತ್ತಿದ್ದವಳು ನಿಂತಳು.

"ಸೂರ್ಯನ ಮನೆ ಕಡೆಯಿಂದ ಒಬ್ಬ ಬರ್ತಾನೆ, ನೋಡಿಲ್ವಾ? ಬಿಸಿಲುಗಳ್ಳ. ಬೀಸ್ತಾ ಬರ್ತಾನೆ. ಇವಳು ಆವಿಯಾಗಿ ನನ್ನ ಸೆರಗಿಗೆ ಬಂದಾಗಲೆಲ್ಲ ಒಂದು ಹಿಡಿ ಕಿತ್ಕೊಂಡು ಹೋಗ್ತಾನೆ. ಒಯ್ದದ್ದು ವಾಪಸ್ ಬರಲ್ಲ. ಹೀಗೇ ಮೇಲೆ ಕೆಳಗೆ ಓಡಾಡ್ತಾ ಇದ್ದರೆ ಇನ್ನು ಸ್ವಲ್ಪ ದಿನ. ಆಮೇಲೆ ನೀರಿ ಇಲ್ಲ."

"ಏನು ಮಾಡಬೇಕು?"

"ನೆಲ ತಣ್ಣಗಾಗಬೇಕು. ಅವಳು ಕೂರಬೇಕು. ನೆಲ ತಣ್ಣಗಾಗಬೇಕಾದರೆ ನೀವೆಲ್ಲ ನೂಕಾಡದೆ ಕೂರಬೇಕು. ಕೂರ್ತೀರಾ? ನಿಮ್ಮನೆಯವರ ಗಲಾಟೆಗೆ ನನಗೇ ತಲೆನೋವು. ಮನೆಯವ್ವ ಎಲ್ಲರಿಗೂ ಸರಿಯಾಗಿ ಜಾಗ ಅಳೆದು ಕೊಟ್ಟಿದ್ದಾಳಂತೆ. ಏನು ಅಳೆದಳೋ."

ಅಜ್ಜ ಕೊಳಗದ ಕಡೆ ನೋಡಿದ. ಆಮೇಲೆ ಭೂಮವ್ವನನ್ನು ಕರೆದ.

"ನೀರಿಯನ್ನು ಅಳೆದೆಯಾ?"

"ನಿಂತರೆ ತಾನೇ ಅಳೆಯೋದು ಅಜ್ಜ."

"ಅಳೆ. ಅವಳಿಗೂ ಜಾಗ ಕೊಡು."

ಕಟ್ಟಳೆ ಕಟ್ಟಳೆಯೇ. ಭೂಮವ್ವ ಕೊಳಗ ತಂದಳು. ಗಾಳಿಯತ್ತೆ ಸೆರಗು ಹಿಂಡಿ ನೀರಿಯನ್ನು ಅದರೊಳಗೆ ಸುರಿದಳು. ಕೊಳಗ ಬಿಸಿಯಾಗದು, ಹಾಗಾಗಿ ಚುಂಯ್ ಎನ್ನಲಿಲ್ಲ. ಕೊಳಗ ತುಂಬಿತು. ಭೂಮವ್ವ ಬಾಯಿಯ ಮೇಲೆ ಅಂಗೈ ಎಳೆದಳು.

"ಬಾಯಿಗೆ ಸಮ ಆಯ್ತಾ? ಆಯ್ತು. ಹತ್ತಿ ಬಾ."

"ಹೇಗೆ ಹತ್ತಲಿ? ನನಗೆ ಕಾಲಿಲ್ಲ," ಎಂದಳು ನೀರಿ ಒಳಗಿನಿಂದ.

ಬೇರೆ ದಾರಿಯಿರಲಿಲ್ಲ. ಭೂಮವ್ವ ಕೊಳಗಕ್ಕೆ ಎರಡೂ ಕೈ ಹಾಕಿ ಎತ್ತಿದಳು. ಲೋಕ ಹುಟ್ಟಿದ ಮೇಲೆ ತುಂಬಿದ ಕೊಳಗ ಎತ್ತಿದ್ದು ಅದೇ ಮೊದಲು. ಅದು ಸರಾಗವಾಗಿ ಮೇಲೆ ಬಂತು. ಅವಳು ನೀರಿಯನ್ನು ಗಾಳಿಯತ್ತೆಯ ಮಡಿಲಿಗೆ ಬಗ್ಗಿಸಿದಳು.

ಅಜ್ಜ ಎದ್ದ. ತಾನೇ ಹೋಗಿ ಕೊಳಗದೊಳಗೆ ಇಳಿದ.

"ಈಗ ನನ್ನನ್ನು ಎತ್ತು."

"ನಿಮ್ಮನ್ನು ಅಂದೇ ಅಳೆದಾಗಿದೆಯಲ್ಲ. ನೀವೂ ಒಂದೇ ಕೊಳಗ."

"ಎತ್ತು."

ಭೂಮವ್ವ ನಗುತ್ತಲೇ ಕೈ ಹಾಕಿದಳು. ಕೊಳಗ ಬರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಕೈ ಹಾಕಿದಳು. ಬರಲಿಲ್ಲ. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಎಳೆದಳು. ಒಂದು ಬೆರಳಷ್ಟು ಎದ್ದಿತು. ಧಡ್ ಎಂದು ಕೂತಿತು. ಇಡೀ ಮನೆ ಅದುರಿತು.

"ನಾನು ಹೇಳಿದ್ದೆ," ಎಂದಳು ಪಚ್ಚಕ್ಕ. "ಹೇಳಿದ್ದೆನೋ ಇಲ್ಲವೋ?"

ಭೂಮವ್ವ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದಳು. ಈ ಸಲ ಬಾಯಿ ನೋಡಲಿಲ್ಲ. ಎತ್ತಿ ನೋಡಿದಳು. ಅವಳ ಕೈ ಒಂದು ಸಲ ಎತ್ತಿದ್ದನ್ನು ಮರೆಯದ ಕೈ.

"ಬಿಳಿಕಲ್ಲ, ನೀನು ಮೂರು ನೀರಿಗಿಂತ ಸ್ವಲ್ಪ ಕಡಿಮೆ. ಕರಿಕಲ್ಲ, ನೀನು ಮೂರು ನೀರಿ. ಪಚ್ಚಕ್ಕ, ನೀನು ಮೂರಕ್ಕಿಂತ ತುಸು ಹೆಚ್ಚು. ಅಜ್ಜ..." ಅವಳು ಕೈ ಉಜ್ಜಿಕೊಂಡಳು. "ಎಂಟು ನೀರಿ."

"ನಾನು ಎಷ್ಟು?" ಎಂದಳು ನೀರಿ.

"ನೀನು ಒಂದು."

ನೀರಿಗೆ ಬಹಳ ಖುಷಿಯಾಯಿತು. ಎಲ್ಲರನ್ನೂ ತನ್ನಿಂದ ಅಳೆದರಲ್ಲ.

ಭೂಮವ್ವನಿಗೆ ಮಾತ್ರ ಮುಖ ಸಪ್ಪಗಾಗಿತ್ತು. "ಜಾಗ ಸಮ. ಭಾರ ಸಮ ಅಲ್ಲ," ಎಂದಳು. "ಅದೇ ಕೊಳಗದಲ್ಲಿ ಒಬ್ಬರು ಸಡಿಲವಾಗಿ ತುಂಬಿದ್ದಾರೆ, ಒಬ್ಬರು ಒತ್ತಾಗಿ ತುಂಬಿದ್ದಾರೆ. ಮಡಕೆ ಪೇರಿಸುವಾಗ ಭಾರದ್ದು ಕೆಳಗೆ, ಹಗುರದ್ದು ಮೇಲೆ. ಅಡುಗೆಮನೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ನಾನು ಇಡೀ ಮನೆಯನ್ನೇ ತಲೆಕೆಳಗೆ ಪೇರಿಸಿದ್ದೀನಿ. ಅಲುಗಾಡದೆ ಇನ್ನೇನು ಮಾಡುತ್ತೆ?"

ಏನಾಗಬೇಕೆಂದು ಎಲ್ಲರಿಗೂ ತಿಳಿಯಿತು. ಅಜ್ಜ ಕೆಳಗೆ ಹೋಗಬೇಕು. ಎಲ್ಲರಿಗಿಂತ ಕೆಳಗೆ.

ಆದರೆ ಹೇಳುವವರು ಯಾರು? ಜಗಲಿಯ ಮೇಲೆ ಕೂತ ಹಿರಿಯನಿಗೆ ಇಳಿ ಎನ್ನುವ ನಾಲಿಗೆ ಯಾರಿಗಿದೆ? ಭೂಮವ್ವ ಸೆರಗಿನ ತುದಿ ಸುತ್ತುತ್ತಾ ನಿಂತಳು. ಪಚ್ಚಕ್ಕನ ಜೋರು ಬಾಯಿಯೂ ಮುಚ್ಚಿತು. ಬಿಳಿಕಲ್ಲ ಏನೋ ಹೇಳಲು ಹೋದ. ಕರಿಕಲ್ಲ ಅವನ ಪಕ್ಕೆಗೆ ತಿವಿದ.

ಅಜ್ಜ ಆಕಾಶ ನೋಡುತ್ತಿದ್ದ. ಆ ಖಾಲಿ ಜಾಗ ಅಲ್ಲೇ ಇತ್ತು. ಬಹಳ ಕಾಲ ನಡೆದು ಬಂದದ್ದು ಇದಕ್ಕೇ. ಕೂತು ನೋಡುವುದಕ್ಕೆ.

ಆಗ ಬಿಸಿಲುಗಳ್ಳ ಬಂದ. ಬೀಸುತ್ತಾ ಬಂದವನು ಗಾಳಿಯತ್ತೆಯ ಮಡಿಲಿಗೆ ಕೈ ಹಾಕಿದ. ಒಂದು ಹಿಡಿ ಕಿತ್ತುಕೊಂಡು ಹೋದ.

"ಅಜ್ಜ," ಎಂದಳು ನೀರಿ. ಸೊಳ್ಳೆಯ ದನಿಯಷ್ಟು ಸಣ್ಣಗೆ.

ಅಜ್ಜ ಎದ್ದು ನಿಂತ.

"ನಿಕ್ಕಲ, ಏಳು."

"ಎಲ್ಲಿಗಣ್ಣ?"

"ಕೆಳಗೆ."

"ಎಷ್ಟು ಕೆಳಗೆ?"

"ಇನ್ನು ಕೆಳಗೆ ಇಲ್ಲ ಅನ್ನೋವರೆಗೆ."

ಭೂಮವ್ವ ಕಣ್ಣೊರೆಸಿಕೊಂಡಳು. "ತಪ್ಪಾಯ್ತು ಅಜ್ಜ. ನಾನು ಬಾಯಿ ಮಾತ್ರ ನೋಡಿದೆ."

"ಬಿಡು. ಹೊಸ ಸಂಸಾರ."

ನೀರಿ ಮೇಲಿನಿಂದ ಬಗ್ಗಿ ನೋಡಿದಳು. "ಅಲ್ಲಿಂದ ಆಕಾಶ ಕಾಣುತ್ತಾ ಅಜ್ಜ?"

"ಇಲ್ಲ."

"ಮತ್ತೆ ಏನು ಮಾಡ್ತೀಯ?"

ಅಜ್ಜ ಯೋಚಿಸಿದ. "ನೀನು ನೋಡು. ನೋಡಿ ಬಂದು ಹೇಳು."

"ಬಂದೇ ಬರ್ತೀನಿ," ಎಂದಳು ನೀರಿ.

ಹೊರಡುವ ಮುಂಚೆ ಅಜ್ಜ ತನ್ನ ಕರಿ ಕಂಬಳಿಯನ್ನು ಜಗಲಿಯ ಮೇಲೆ ಒಂದು ಸಲ ಕೊಡವಿದ. ಒಂದಷ್ಟು ಪುಡಿ ಉದುರಿ ಅಲ್ಲೇ ಉಳಿಯಿತು.

"ಇದು ಮಗುವಿಗೆ ಇರಲಿ," ಎಂದ. ಇಳಿದ.

ಅವನು ಇಳಿದ ಭಾರಕ್ಕೆ ಮನೆ ಮೊದಲಿಗಿಂತ ಹೆಚ್ಚು ಕಾಯಿತು. ಎಲ್ಲರೂ ಕರಗಿದರು. ಆಲೆಮನೆಯ ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಕುದಿಯುವ ಹಾಗೆ ಮನೆಯೆಲ್ಲ ಕುದಿಯಿತು. "ಸ್ವಲ್ಪ ಹೊತ್ತು ತಾಳು," ಎಂದು ಗಾಳಿಯತ್ತೆ ನೀರಿಯನ್ನು ಮೋಡದೊಳಗೆ ಸುತ್ತಿ ಬಿಗಿಯಾಗಿ ಅಪ್ಪಿಕೊಂಡಳು.

ಕರಗಿದ ಮೇಲೆ ಯಾರನ್ನೂ ನೂಕಬೇಕಾಗಲಿಲ್ಲ. ಯಾರಿಗೂ ಹೇಳಬೇಕಾಗಲಿಲ್ಲ. ಭಾರದವರು ತಾವಾಗಿ ಇಳಿದರು. ಹಗುರದವರು ತಾವಾಗಿ ಏರಿದರು.

"ದಾರಿ ಬಿಡ್ರೋ, ಅಜ್ಜ ಬರ್ತಾ ಇದ್ದಾರೆ," ಎಂದು ಪಚ್ಚಕ್ಕ ತನ್ನ ಬಳಗಕ್ಕೆಲ್ಲ ಕೂಗಿದಳು. ಅಜ್ಜ ಪಕ್ಕದಲ್ಲಿ ಹಾದುಹೋಗುವಾಗ ಕಾಲು ಮುಟ್ಟಿ ನಮಸ್ಕರಿಸಿದಳು. "ಸೊಂಟ ನೆಟ್ಟಗಾಯ್ತು ಅಜ್ಜ. ಬೇಜಾರು ಮಾಡ್ಕೋಬೇಡಿ."

ಬಂಗಾರಿ ಎಂಬ ಶೋಕಿಯ ಹೆಂಗಸು ಅಜ್ಜನ ಕಂಬಳಿ ಹಿಡಿದುಕೊಂಡು ಜೊತೆಗೇ ಜಾರಿದಳು.

"ಅಜ್ಜ, ಕೆಳಗೆ ಜನ ಇರ್ತಾರಾ, ನನ್ನನ್ನು ನೋಡೋಕೆ?"

"ಇಲ್ಲ."

"ಅಯ್ಯೋ, ಹಾಗಾದ್ರೆ ನಾನು ಬರಲ್ಲ."

ಆದರೆ ಅವಳು ಅಜ್ಜನಿಗಿಂತಲೂ ಭಾರ. ಮಾತು ಮುಗಿಯುವಷ್ಟರಲ್ಲಿ ಅವನನ್ನು ದಾಟಿ ಕೆಳಗೆ ಹೋಗಿದ್ದಳು.

ಅರ್ಧ ದಾರಿಯಲ್ಲಿ ಬಿಳಿಕಲ್ಲ ಸಿಕ್ಕಿದ. ಅವನು ಮೇಲಕ್ಕೆ ಹೊರಟಿದ್ದ. ಮುಖದಲ್ಲಿ ನಾಚಿಕೆ.

"ಅಜ್ಜ, ನಾನು ನಿಮ್ಮ ಜಗಲಿಗೆ ಹೋಗ್ತಾ ಇದ್ದೀನಿ ಅನ್ಸುತ್ತೆ. ನಾನಾಗಿ ಹೋಗ್ತಾ ಇಲ್ಲ. ಅದಾಗೇ ಆಗ್ತಾ ಇದೆ."

"ಹೋಗು."

"ಕೋಪ ಇಲ್ವಾ?"

"ಜಗಲಿ ಗುಡಿಸಿಡು. ಮಗು ಬರುತ್ತೆ."

ಅಜ್ಜ ಇಳಿದ. ಇನ್ನೂ ಇಳಿದ. ಕೊನೆಗೆ ಒಂದು ಕಡೆ ಕಾಲು ನಿಂತಿತು. ಅಲ್ಲಿಂದ ಕೆಳಗೆ ಇರಲಿಲ್ಲ.

ಸುತ್ತಲೂ ಅವನ ಬಳಗ ಬಂದು ಸೇರಿತು. ನಿಕ್ಕಲ ಕತ್ತಲಲ್ಲಿ ತಡವರಿಸಿದ.

"ಅಣ್ಣ, ಇಲ್ಲಿ ಮೇಲೆ ಅನ್ನೋದು ಯಾವ ಕಡೆ?"

ಅಜ್ಜ ಮುಂದೆ ನೋಡಿದ. ಆ ಕಡೆ ಮೇಲೆ. ಹಿಂದೆ ತಿರುಗಿದ. ಆ ಕಡೆಯೂ ಮೇಲೆ. ಎಡಕ್ಕೆ ಮೇಲೆ, ಬಲಕ್ಕೆ ಮೇಲೆ, ಕಾಲಿನ ಕೆಳಗೂ ಮೇಲೆಯೇ. ಅವನು ಭೂಮಿಯ ನಟ್ಟನಡುವೆ ನಿಂತಿದ್ದ. ಎಲ್ಲಿಗೆ ಮುಖ ಮಾಡಿದರೂ ಮುಖ ಆಕಾಶದ ಕಡೆಗೇ.

ಜಗಲಿಯ ಮೇಲಿದ್ದಾಗ ಅವನಿಗೆ ಎದುರಿನ ಅರ್ಧ ಆಕಾಶ ಮಾತ್ರ ಇತ್ತು. ಬೆನ್ನ ಹಿಂದೆ ಮನೆ ಅಡ್ಡವಿತ್ತು. ಇಲ್ಲಿ ಆಕಾಶ ಕಾಣದು, ನಿಜ. ಆದರೆ ಅದು ಅವನ ಸುತ್ತಲೂ ಇತ್ತು. ಪೂರ್ತಿ.

"ಎಲ್ಲ ಕಡೆಯೂ," ಎಂದ ಅಜ್ಜ. ಅವನ ಮೀಸೆ ಈ ಸಲ ಚೆನ್ನಾಗಿಯೇ ಅಲುಗಿತು.

ಇಡೀ ಮನೆ ಅವನ ಮೇಲೆ ಕೂತಿತು. ಎಲ್ಲ ಕಡೆಯಿಂದಲೂ ಒತ್ತಿತು. ಒತ್ತಿ ಒತ್ತಿ, ಅಷ್ಟು ಬಿಸಿಯಲ್ಲೂ ಅಜ್ಜ ಗಟ್ಟಿಯಾದ. ಮೇಲಿದ್ದಾಗ ಕೊಳಗಕ್ಕೆ ಎಂಟು ನೀರಿ ತೂಗುತ್ತಿದ್ದವನು ಅಲ್ಲಿ ಹದಿಮೂರು ನೀರಿ ತೂಗಿದ. ಅವನ ಸುತ್ತ ಇದ್ದ ಬಳಗ ಹತ್ತು, ಹನ್ನೊಂದು, ಹನ್ನೆರಡು. ಅವರು ಗಟ್ಟಿಯಾಗಲಿಲ್ಲ. ಕರಗಿದ ಹಾಗೇ ಉಳಿದರು. ಅವರ ಮೇಲೆ ಪಚ್ಚಕ್ಕನ ದೊಡ್ಡ ಬಳಗ. ಅದರಲ್ಲಿ ಅಡಿಯವರು ಮುದುಡಿ ಐದು ನೀರಿ ದಾಟಿದರು, ಮೇಲಿನವರು ಮೂರರ ಹತ್ತಿರವೇ ಉಳಿದರು. ಎಲ್ಲರ ಮೇಲೆ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಕರಿಕಲ್ಲ, ಬಿಳಿಕಲ್ಲ. ಈಗ ಯಾರ ಸೊಂಟಕ್ಕೂ ನೋವಿಲ್ಲ. ಒಬ್ಬರೂ ನೂಕಾಡಲಿಲ್ಲ.

ಕರಗಿದ ಬಳಗಕ್ಕೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ನಿಕ್ಕಲ ಮೊದಲು ಒಂದು ಹೆಜ್ಜೆ ಹಾಕಿದ. ಇನ್ನೊಬ್ಬ ಹಾಕಿದ. ಕೋಲಾಟದ ಹಾಗೆ ಎಲ್ಲರೂ ಅಜ್ಜನ ಸುತ್ತ ಸುತ್ತತೊಡಗಿದರು.

"ನಿಲ್ಲಿಸೋದಾ ಅಣ್ಣ?"

"ಇರಲಿ," ಎಂದ ಅಜ್ಜ.

ಆ ಕುಣಿತಕ್ಕೆ ಸೂಜಿಗಲ್ಲಿನಂಥ ಒಂದು ಸೆಳೆತ ಹುಟ್ಟಿತು. ಅದು ಪಚ್ಚಕ್ಕನನ್ನು ದಾಟಿ, ಜಗಲಿಯನ್ನು ದಾಟಿ, ಮನೆಯ ಹೊರಗೆ ದೂರದವರೆಗೆ ಕೊಡೆಯ ಹಾಗೆ ಬಿಚ್ಚಿಕೊಂಡಿತು. ಕೆಳಗಿದ್ದವರಿಗೆ ಅದು ಆಗ ಗೊತ್ತೇ ಆಗಲಿಲ್ಲ.

ಬಿಸಿಲುಗಳ್ಳನಿಗೆ ಗೊತ್ತಾಯಿತು. ಮರುದಿನ ಎರಡೂ ಕೈ ಚಾಚಿಕೊಂಡು ಬಂದ. ಬಂದವನನ್ನು ಏನೋ ಒಂದು ಪಕ್ಕಕ್ಕೆ ತಿರುಗಿಸಿತು. ಮತ್ತೆ ಬಂದ. ಮತ್ತೆ ತಿರುಗಿಸಿತು. ಕೊಡೆಯ ಮೇಲೆ ಬಿದ್ದ ಹನಿಯ ಹಾಗೆ ಜಾರಿ ಆಚೆಗೆ ಹೋದ.

"ಏನಪ್ಪ, ದಾರಿ ತಪ್ಪಿತಾ?" ಎಂದಳು ಗಾಳಿಯತ್ತೆ. ಅವಳಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ನೆಲ ತಣ್ಣಗಾಗುತ್ತಾ ಬಂತು. ಒಂದು ಬೆಳಗ್ಗೆ ಗಾಳಿಯತ್ತೆ ಮೋಡ ಬಿಚ್ಚಿದಳು.

"ಇಳಿದು ನೋಡು, ಮಗು."

ನೀರಿ ಕಣ್ಣು ಮುಚ್ಚಿಕೊಂಡು ಇಳಿದಳು. ಚುಂಯ್ ಎನ್ನುವುದಕ್ಕೆ ಕಾದಳು.

ಚುಂಯ್ ಎನ್ನಲಿಲ್ಲ.

ಒಂದು ಕಣ್ಣು ಬಿಟ್ಟಳು. ಇನ್ನೊಂದು ಬಿಟ್ಟಳು. "ಅತ್ತೆ," ಎಂದಳು ಮೆಲ್ಲಗೆ, "ನಾನು ಕೂತಿದ್ದೀನಿ."

ಕೂತವಳು ಮಲಗಿದಳು. ಮಲಗಿದವಳು ಹೊರಳಿದಳು. ಕರಿಕಲ್ಲ ಸ್ವಲ್ಪ ಭಾರ, ಹಾಗಾಗಿ ತಗ್ಗಿನಲ್ಲಿ ಕೂತಿದ್ದ. ನೀರಿ ಅವನ ಮೇಲೆ ಹರಡಿಕೊಂಡಳು. ಅದೇ ಸಮುದ್ರ. ಬಿಳಿಕಲ್ಲ ಹಗುರ, ಅವನು ಎತ್ತರಕ್ಕೆ ತೇಲಿ ನಿಂತಿದ್ದ. ಅದೇ ನಾವು ನಿಂತ ನೆಲ. ಅವನು ಜಗಲಿಯನ್ನು ನಿಜವಾಗಿಯೂ ಗುಡಿಸಿಟ್ಟಿದ್ದ. ಮೂಲೆಯಲ್ಲಿ ಅಜ್ಜ ಕೊಡವಿದ ಪುಡಿಯನ್ನು ಮಾತ್ರ ಮುಟ್ಟಿರಲಿಲ್ಲ.

ನೀರಿ ಆ ಪುಡಿಯನ್ನು ಅಪ್ಪಿಕೊಂಡಳು. ಕರಿ ಪುಡಿ ಕೆಂಪಾಯಿತು. ನೆಲವೂ ಕೆಂಪಾಯಿತು.

"ಅಜ್ಜನಿಗೆ ಹೇಳಿ," ಎಂದಳು ಬಿಳಿಕಲ್ಲನಿಗೆ. ಬಿಳಿಕಲ್ಲ ಪಚ್ಚಕ್ಕನಿಗೆ ಹೇಳಿದ. ಪಚ್ಚಕ್ಕನ ಬಳಗ ಗಟ್ಟಿ ಕಲ್ಲಿನ ಬಳಗ. ಉಗುರು ಬೆಳೆಯುವಷ್ಟು ನಿಧಾನವಾಗಿ ಮೇಲೆ ಕೆಳಗೆ ಹೊರಳುತ್ತದೆ. ಮಾತು ಒಬ್ಬರಿಂದ ಒಬ್ಬರಿಗೆ ದಾಟಿ ದಾಟಿ, ಎಷ್ಟೋ ಕಾಲದ ಮೇಲೆ ನಡುಮನೆ ಮುಟ್ಟಿತು.

"ಅಣ್ಣ, ನೀರಿ ಕೂತಳಂತೆ," ಎಂದ ನಿಕ್ಕಲ.

"ಹೂಂ."

"ಅಷ್ಟೇನಾ?"

"ಕುಣಿತ ನಿಲ್ಲಿಸಬೇಡಿ," ಎಂದ ಅಜ್ಜ.

ಇನ್ನು ನೀರಿಯ ಮಾತು ಉಳಿದಿತ್ತು. ನೋಡಿ ಬಂದು ಹೇಳುತ್ತೇನೆ ಎಂದಿದ್ದಳಲ್ಲ. ಅವಳು ಅಂಗಾತ ಮಲಗಿ ಆಕಾಶ ನೋಡಿದಳು. ನೋಡಿದ್ದು ಮರೆಯಬಾರದೆಂದು ಇಡೀ ಆಕಾಶವನ್ನು ಮೈಯೊಳಗೇ ಇಟ್ಟುಕೊಂಡಳು. ಹೊರಟಳು. ಬೆಟ್ಟದಿಂದ ಬಯಲಿಗೆ, ಬಯಲಿನಿಂದ ಕಣಿವೆಗೆ, ಕಲ್ಲಿನ ಬಿರುಕು ಹುಡುಕಿ ಇನ್ನೂ ಕೆಳಗೆ. ಕೆಳಗೆ ಪಚ್ಚಕ್ಕ ಬಿಸಿಬಿಸಿಯಾಗಿ ಅಡ್ಡ ಬಂದಳು.

"ಎಲ್ಲಿಗೇ, ಪುಟ್ಟಿ?"

"ಅಜ್ಜನ ಹತ್ತಿರ. ಆಕಾಶ ತಂದಿದ್ದೀನಿ."

"ನೀನು ಹೋದರೆ ಅವರೆಲ್ಲ ಕುಣಿತ ಬಿಟ್ಟು ನಿನ್ನನ್ನೇ ನೋಡ್ತಾ ಕೂರ್ತಾರೆ. ಕೊಡೆ ಮಡಚಿಹೋಗುತ್ತೆ. ನಡಿ ಮೇಲೆ." ಪಚ್ಚಕ್ಕ ಬೆಚ್ಚಗೆ ಮುತ್ತಿಟ್ಟು ಕಳಿಸಿದಳು. ನೀರಿ ಬಿಸಿನೀರಿನ ಬುಗ್ಗೆಯಾಗಿ ಮೇಲೆ ಬಂದಳು. ಆವಿಯಾದಳು. ಗಾಳಿಯತ್ತೆಯ ಸೆರಗಿನಲ್ಲಿ ಒಂದು ನಿದ್ದೆ ಮಾಡಿದಳು. ಮಳೆಯಾಗಿ ಇಳಿದು ಮತ್ತೆ ಹೊರಟಳು. ಕೊಟ್ಟ ಮಾತು ಕೊಟ್ಟ ಮಾತೇ.

ನಿನಗೆ ನಂಬಿಕೆ ಬರದಿದ್ದರೆ, ಮಗು, ಮಳೆ ನಿಂತ ಮೇಲೆ ಅಂಗಳಕ್ಕೆ ಹೋಗಿ ಗುಂಡಿಯ ನೀರಿಗೆ ಬಗ್ಗಿ ನೋಡು: ಒಳಗೆ ಒಂದು ಪೂರ್ತಿ ಆಕಾಶ ಇರುತ್ತದೆ, ಅಂಚಿನಲ್ಲಿ ಅಜ್ಜನ ಕೆಂಪು ಪುಡಿ ಇರುತ್ತದೆ, ಮತ್ತು ಬೆರಳಿನಿಂದ ಒಂದು ಸಣ್ಣ ಕಾಲುವೆ ಕೊರೆದುಕೊಟ್ಟರೆ ನೀರು ಒಂದು ಗಳಿಗೆಯೂ ನಿಲ್ಲದೆ, ಎರಡನ್ನೂ ಹೊತ್ತುಕೊಂಡು, ಕೆಳಗಡೆಗೇ ಓಡುತ್ತದೆ.